63 ವರ್ಷದ, ಬೊಜ್ಜಿರುವ ಅಪ್ಪನಿಗೆ ವ್ಯಾಯಾಮದಿಂದ ಸ್ನಾಯುವಿನ ಮೈಟೊಕಾಂಡ್ರಿಯಾ ನಿಜವಾಗಲೂ ಹೆಚ್ಚುತ್ತದಾ?

ನೀವು ಬರೆದಿರುವುದು ಇಷ್ಟು: ಅಪ್ಪನಿಗೆ 63 ವರ್ಷ, 165 ಸೆಂ.ಮೀ. ಎತ್ತರ, 84 ಕೆಜಿ ತೂಕ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಈ ವಯಸ್ಸಿನಲ್ಲಿ ವ್ಯಾಯಾಮ ಮಾಡಿದರೆ ಮೈಟೊಕಾಂಡ್ರಿಯಾ (ಜೀವಕೋಶದೊಳಗೆ ಇಂಧನ ಸುಟ್ಟು ಶಕ್ತಿ ತಯಾರಿಸುವ ಭಾಗ) ಹೆಚ್ಚುತ್ತದಾ, ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಸಾಲದಾ, ಮೆಡಿಕಲ್ ಶಾಪಿನಲ್ಲಿ ಸಿಗುವ ಆಂಟಿಆಕ್ಸಿಡೆಂಟ್ ಮಾತ್ರೆ (ವಿಟಮಿನ್ ಸಿ, ಇ ಥರದ್ದು) ಜೊತೆಗೆ ಕೊಡಬಹುದಾ? ಚಿಕ್ಕ ಉತ್ತರ ಬೇಕಿದ್ದರೆ: ಹೆಚ್ಚುತ್ತದೆ, ಸಾಲದು, ಬೇಡ. ಉಳಿದದ್ದು ಕೆಳಗಿದೆ, ಸ್ವಲ್ಪ ಉದ್ದವಾಗಿದೆ.

ಮೊದಲು ಎರಡನೇ ಪ್ರಶ್ನೆ, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ. ತೂಕ ಇಳಿದರೆ ಸಕ್ಕರೆ ಹತೋಟಿಗೆ ಬರುತ್ತದೆ, ಅದು ಸುಳ್ಳಲ್ಲ. ಆದರೆ ತೂಕ ಇಳಿಯುವುದೂ ಮೈಟೊಕಾಂಡ್ರಿಯಾ ಹೆಚ್ಚುವುದೂ ಒಂದೇ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೊಜ್ಜಿದ್ದವರ ಒಂದು ಗುಂಪು ಬರೀ ಪಥ್ಯ ಮಾಡಿತು, ಇನ್ನೊಂದು ಪಥ್ಯದ ಜೊತೆ ವ್ಯಾಯಾಮವನ್ನೂ ಮಾಡಿತು. ಎರಡೂ ಗುಂಪಿನವರ ತೂಕ ಸುಮಾರು 10% ಇಳಿಯಿತು, ಇನ್ಸುಲಿನ್‌ಗೆ ಸ್ನಾಯು ಸ್ಪಂದಿಸುವುದೂ ಎರಡರಲ್ಲೂ ಸುಧಾರಿಸಿತು. ತೊಡೆಯಿಂದ ಸೂಜಿಯಲ್ಲಿ ತೆಗೆದ ಸ್ನಾಯುವಿನ ತುಣುಕು ನೋಡಿದಾಗ ಮಾತ್ರ ವ್ಯತ್ಯಾಸ ಕಂಡಿತು: ಮೈಟೊಕಾಂಡ್ರಿಯಾ ಹೆಚ್ಚಿದ್ದು ವ್ಯಾಯಾಮ ಮಾಡಿದವರಲ್ಲಿ ಅಷ್ಟೇ. ಕಾರಣ ಸರಳ. ಸ್ನಾಯು ಲೆಕ್ಕ ಇಡುವುದು ತನ್ನಿಂದ ಎಷ್ಟು ಕೆಲಸ ತೆಗೆಯುತ್ತಿದ್ದಾರೆ ಅನ್ನುವುದನ್ನು, ತಕ್ಕಡಿಯ ಮುಳ್ಳನ್ನಲ್ಲ. ಅರವತ್ತು ದಾಟಿದವರು ಬರೀ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದು ಬೇರೆ ನಷ್ಟ.

ಶಾಲೆಯ ಪುಸ್ತಕದಲ್ಲಿ ಮೈಟೊಕಾಂಡ್ರಿಯಾ ಅಂದರೆ ಬಿಡಿಬಿಡಿಯಾದ ಅವರೆಕಾಳಿನಂಥ ಚಿತ್ರ ಇರುತ್ತದೆ. ಸ್ನಾಯುವಿನಲ್ಲಿ ಅದು ಬಲೆಯ ಹಾಗೆ ಹಬ್ಬಿರುತ್ತದೆ. ಒಂದು ಪಾಲು ಸ್ನಾಯುಕೋಶದ ಹೊರಪೊರೆಯ ಕೆಳಗೆ, ಇನ್ನೊಂದು ಪಾಲು ಕುಗ್ಗಿ ಹಿಗ್ಗುವ ಎಳೆಗಳ ನಡುವೆ. ಬಲೆಯ ಎಳೆಗಳು ಕೂಡಿಕೊಳ್ಳುತ್ತಿರುತ್ತವೆ, ತುಂಡಾಗುತ್ತಿರುತ್ತವೆ, ಕೆಟ್ಟ ತುಂಡನ್ನು ಜೀವಕೋಶವೇ ಜೀರ್ಣಿಸಿ ಬಿಸಾಡುತ್ತದೆ. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವವರ ಸ್ನಾಯುವಿನಲ್ಲಿ ಇವು ಗಾತ್ರದಲ್ಲಿ ಚಿಕ್ಕವು ಎಂದು ಅದೇ ಪಿಟ್ಸ್‌ಬರ್ಗ್‌ನ ಡೇವಿಡ್ ಕೆಲ್ಲಿ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದ್ದರು. ಪೊರೆಯ ಕೆಳಗಿನ ಪಾಲಿಗೆ ಹೊಡೆತ ಹೆಚ್ಚು ಅನ್ನುವುದು ಆಮೇಲೆ ತಿಳಿಯಿತು.

ಹೀಗಾಗುವುದಕ್ಕೆ ಮುಖ್ಯ ಕಾರಣ, ಬರುವ ಇಂಧನಕ್ಕೂ ಆಗುವ ಖರ್ಚಿಗೂ ಹೊಂದಾಣಿಕೆ ಇಲ್ಲದಿರುವುದು. ಕೂತೇ ಇರುವ ಮೈಯಲ್ಲಿ ಎಟಿಪಿಗೆ (ಜೀವಕೋಶ ಖರ್ಚು ಮಾಡುವ ಶಕ್ತಿಯ ಅಣು) ಬೇಡಿಕೆ ಕಡಿಮೆ, ರಕ್ತದಲ್ಲಿ ಕೊಬ್ಬು ಮತ್ತು ಗ್ಲೂಕೋಸ್ ಮಾತ್ರ ತುಂಬಿ ತುಳುಕುತ್ತಿರುತ್ತವೆ. ಇಂಧನದಿಂದ ಮೈಟೊಕಾಂಡ್ರಿಯಾಕ್ಕೆ ಬಂದ ಎಲೆಕ್ಟ್ರಾನುಗಳು ಮುಂದೆ ಸಾಗಲಾರದೆ ದಟ್ಟೈಸಿ, ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟಿಕೊಂಡು ಹೈಡ್ರೋಜನ್ ಪೆರಾಕ್ಸೈಡ್ ಎಂಬ, ಹೆಚ್ಚಾದರೆ ಕೋಶಕ್ಕೆ ಹಾನಿ ಮಾಡುವ ವಸ್ತು ಆಗುತ್ತವೆ. ಅಡುಗೆ ಇಲ್ಲದ ಒಲೆಗೆ ಸೌದೆ ತುರುಕಿದರೆ ಹೊಗೆಯೇ ಜಾಸ್ತಿ, ಹಾಗೆ. ನಡೆಯಲು ಶುರು ಮಾಡಿದ ಗಳಿಗೆಯಿಂದ ಈ ದಟ್ಟಣೆ ಸಡಿಲವಾಗುತ್ತದೆ. ಒಂದೇ ಒಂದು ದಿನದ ವ್ಯಾಯಾಮಕ್ಕೂ ಸಕ್ಕರೆ ಮಟ್ಟ ಇಳಿಯುವುದು ಮೈಟೊಕಾಂಡ್ರಿಯಾ ಹೆಚ್ಚಿದ್ದರಿಂದಲ್ಲ. ಅದಕ್ಕೆ ವಾರಗಳು ಬೇಕು. ದುಡಿಯುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ, ಅದರಿಂದ.

ವಯಸ್ಸಿನ ಪಾಲು ಎಷ್ಟು? ಯೇಲ್ ವಿಶ್ವವಿದ್ಯಾಲಯದ ತಂಡ 2003ರಲ್ಲಿ, ತೂಕದಲ್ಲಿ ಸರಿಸಮ ಇದ್ದ ಮುದುಕರನ್ನೂ ಯುವಕರನ್ನೂ ಹೋಲಿಸಿ, ಹಿರಿಯರ ಸ್ನಾಯುವಿನ ಎಟಿಪಿ ತಯಾರಿಕೆ ಸುಮಾರು 40% ಕಡಿಮೆ ಎಂದಿತು. ಇದನ್ನು ಓದಿ ಕೈಚೆಲ್ಲಬೇಡಿ. ವರ್ಷಗಟ್ಟಲೆ ಓಡುತ್ತಾ ಬಂದ ಹಿರಿಯರಲ್ಲಿ ಈ ಇಳಿತ ತುಂಬ ಕಡಿಮೆ. ನಾವು ವಯಸ್ಸಿನ ತಲೆಗೆ ಕಟ್ಟುವುದರಲ್ಲಿ ದೊಡ್ಡ ಪಾಲು ಕುರ್ಚಿಯದ್ದು, ಪೂರ್ತಿ ಅಲ್ಲದಿದ್ದರೂ.

ವ್ಯಾಯಾಮದಿಂದ ಮೈಟೊಕಾಂಡ್ರಿಯಾ ಹೆಚ್ಚುತ್ತದೆ ಅನ್ನುವುದು 1967ರಿಂದ ಗೊತ್ತಿರುವ ಸಂಗತಿ. ಸೇಂಟ್ ಲೂಯಿಸ್‌ನಲ್ಲಿ ಜಾನ್ ಹೊಲೊಸ್ಜಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಕಾಲಿನ ಸ್ನಾಯುವಿನ ಉಸಿರಾಟದ (ಅಂದರೆ ಆಮ್ಲಜನಕ ಬಳಸಿ ಇಂಧನ ಸುಡುವ) ಕಿಣ್ವಗಳು ಸುಮಾರು ಇಮ್ಮಡಿಯಾದದ್ದನ್ನು ತೋರಿಸಿದರು. ಒಳಗೆ ನಡೆಯುವುದು ಹೀಗೆ: ಸ್ನಾಯು ಕುಗ್ಗುವಾಗ ಕ್ಯಾಲ್ಸಿಯಂ ಏರುತ್ತದೆ, ಎಟಿಪಿ ಖರ್ಚಾಗಿ ಎಎಂಪಿಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಇವೆರಡೂ ಸೇರಿ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನನ್ನು ಎಬ್ಬಿಸುತ್ತವೆ, ಹೊಸ ಮೈಟೊಕಾಂಡ್ರಿಯಾಕ್ಕೆ ಬೇಕಾದ ಜೀನ್‌ಗಳನ್ನು ಅದು ತೆರೆಸುತ್ತದೆ. ಈ ಕರೆ ವ್ಯಾಯಾಮ ಮುಗಿದ ಕೆಲವೇ ಗಂಟೆಗಳಲ್ಲಿ ತಾರಕಕ್ಕೇರಿ ಒಂದು ದಿನದೊಳಗೆ ಅಡಗುತ್ತದೆ. ಮತ್ತೆ ಮತ್ತೆ ಕರೆದರೆ ಮಾತ್ರ ಮೈಟೊಕಾಂಡ್ರಿಯಾದ ಪ್ರೋಟೀನು ಜಮೆಯಾಗುತ್ತದೆ. ಇಲಿಗಳಲ್ಲಿ ಅಳೆದಂತೆ ಇಂಥ ಪ್ರೋಟೀನಿನ ಅರ್ಧಾಯುಷ್ಯ (ಅರ್ಧ ಪಾಲು ಕರಗಿಹೋಗಲು ಹಿಡಿಯುವ ಸಮಯ) ಸುಮಾರು ಒಂದು ವಾರ. ಅಂದರೆ ಭಾನುವಾರ ಮಾತ್ರ ಎರಡು ಗಂಟೆ ಬೆವರು ಸುರಿಸುವ ಲೆಕ್ಕ ಇಲ್ಲಿ ಚೆನ್ನಾಗಿ ಹೊಂದುವುದಿಲ್ಲ.

ಇನ್ನೊಂದು ವಿಷಯ: ಬೆಳೆಯುವುದು ದುಡಿದ ಸ್ನಾಯುವಿನಲ್ಲಿ ಮಾತ್ರ. ಒಂದೇ ಕಾಲಿನಲ್ಲಿ ಸೈಕಲ್ ತುಳಿಸಿದ ಪ್ರಯೋಗಗಳಲ್ಲಿ ಕಿಣ್ವಗಳು ಏರಿದ್ದು ಆ ಕಾಲಿನಲ್ಲಿ, ಪಕ್ಕದ ಕಾಲಿನಲ್ಲಲ್ಲ. ನಡಿಗೆಯಿಂದ ತೋಳಿಗೆ ಲಾಭವಿಲ್ಲ.

ವಯಸ್ಸಾದವರ ಮಟ್ಟಿಗೆ ನಾನು ಹೆಚ್ಚು ಬೆಲೆ ಕೊಡುವುದು ಮೇಯೊ ಕ್ಲಿನಿಕ್‌ನ ಶ್ರೀಕುಮಾರನ್ ನಾಯರ್ ತಂಡದ 2017ರ ಅಧ್ಯಯನಕ್ಕೆ. 18–30 ಮತ್ತು 65–80 ವಯಸ್ಸಿನವರಿಗೆ 12 ವಾರ ತರಬೇತಿ. ಬಿರುಸಿನ ಗುಂಪಿಗೆ ವಾರಕ್ಕೆ 3 ದಿನ ಸೈಕಲ್ (4 ನಿಮಿಷ ಜೋರು, 3 ನಿಮಿಷ ಹಗುರ, ಹೀಗೆ 4 ಸುತ್ತು), ಇನ್ನೆರಡು ದಿನ ಟ್ರೆಡ್‌ಮಿಲ್ ನಡಿಗೆ. ಮೈಟೊಕಾಂಡ್ರಿಯಾದ ಸಾಮರ್ಥ್ಯ ಕಿರಿಯರಲ್ಲಿ 49%, ಹಿರಿಯರಲ್ಲಿ 69% ಏರಿತು. ಬರೀ ಭಾರ ಎತ್ತಿದವರಲ್ಲಿ ಸ್ನಾಯು ಹೆಚ್ಚಿತು, ಇನ್ಸುಲಿನ್ ಸ್ಪಂದನೆಯೂ ಸುಧಾರಿಸಿತು, ಮೈಟೊಕಾಂಡ್ರಿಯಾದ ಉಸಿರಾಟ ಮಾತ್ರ ಏರಲಿಲ್ಲ. ಹಾಗಂತ ಭಾರ ಎತ್ತುವುದನ್ನು ಬಿಡುವಂತಿಲ್ಲ: ಸ್ನಾಯುವೇ ಇಲ್ಲದಿದ್ದರೆ ಮೈಟೊಕಾಂಡ್ರಿಯಾ ಇರುವುದು ಎಲ್ಲಿ?

ಇದೇ ನಾಯರ್ ತಂಡ 2008ರಲ್ಲಿ ಅಮೆರಿಕದಲ್ಲಿರುವ ಭಾರತೀಯರ ಬಗ್ಗೆ ಪ್ರಕಟಿಸಿದ್ದು ನಮ್ಮವರಿಗೆ ಸ್ವಲ್ಪ ಇರುಸುಮುರುಸು ತರುವಂಥದ್ದು. ಉತ್ತರ ಯುರೋಪ್ ಮೂಲದ ಅಮೆರಿಕನ್ನರಿಗಿಂತ ಭಾರತೀಯರ ಸ್ನಾಯುವಿನ ಎಟಿಪಿ ತಯಾರಿಸುವ ಸಾಮರ್ಥ್ಯ ಹೆಚ್ಚೇ ಇತ್ತು, ಆದರೂ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರುವುದು) ತೀವ್ರವಾಗಿತ್ತು. ಆದ್ದರಿಂದ "ಮೈಟೊಕಾಂಡ್ರಿಯಾ ಕೆಟ್ಟಿದ್ದಕ್ಕೇ ಸಕ್ಕರೆ ಕಾಯಿಲೆ ಬಂತು" ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ವ್ಯಾಯಾಮ ಇನ್ನೂ ಹತ್ತು ದಾರಿಯಲ್ಲಿ ಕೆಲಸ ಮಾಡುತ್ತದೆ, ಇದು ಅದರಲ್ಲೊಂದು.

ಈಗ ಮಾಡುವುದು ಹೇಗೆ. ನಿಮ್ಮ ಅಪ್ಪನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 31. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ. ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಹೃದಯ, ಕಣ್ಣಿನ ಅಕ್ಷಿಪಟಲ, ಪಾದದ ಸ್ಪರ್ಶಜ್ಞಾನ, ಈ ಮೂರನ್ನೂ ತೋರಿಸಿ. ನಡೆಯುವಾಗ ಎದೆ ಹಿಡಿದುಕೊಂಡರೆ ಅಥವಾ ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಬೇಕು.

ಮೊದಲ ಮೂರು ವಾರ ದಿನಕ್ಕೆ ಎರಡು ಸಲ, ಊಟವಾದ ಮೇಲೆ 10–15 ನಿಮಿಷ, ಸಮತಟ್ಟಾದ ಕಡೆ. ನಾಲ್ಕನೇ ವಾರದಿಂದ ವಾರಕ್ಕೆ 5 ದಿನ, 30 ನಿಮಿಷ. ವೇಗ ಹೇಗಿರಬೇಕೆಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಡಿ ಎಣಿಸುವುದಾದರೆ 208ರಿಂದ ವಯಸ್ಸಿನ 0.7 ಪಾಲು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆ. ಅಪ್ಪನಿಗೆ ಅದು 164ರ ಆಸುಪಾಸು, ಅದರ 60–70% ಅಂದರೆ 98–115. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಈ ಲೆಕ್ಕ ಕೆಡುತ್ತದೆ, ಮಾತಿನ ಪರೀಕ್ಷೆಯನ್ನೇ ನಂಬಿ.

ಎಂಟನೇ ವಾರದ ಹೊತ್ತಿಗೆ, ಡಾಕ್ಟರು ಒಪ್ಪಿದರೆ, ಐದು ದಿನದಲ್ಲಿ ಎರಡು ದಿನ ಬಿರುಸು ಸೇರಿಸಿ: 1 ನಿಮಿಷ ಜೋರು, 2 ನಿಮಿಷ ನಿಧಾನ, 6 ಸುತ್ತು. ಜೋರು ಅಂದರೆ ನಾಲ್ಕೈದು ಪದಕ್ಕಿಂತ ಹೆಚ್ಚು ಆಡಲಾಗದಷ್ಟು. ಮಂಡಿ ನೋವಿದ್ದರೆ ಓಟ ಬೇಡ. ಏರುದಾರಿ, ಟ್ರೆಡ್‌ಮಿಲ್ಲಿನ ಏರು ಹೆಚ್ಚಿಸುವುದು ಅಥವಾ ನಿಂತಲ್ಲೇ ತುಳಿಯುವ ಸೈಕಲ್ ಸಾಕು. ಸೈಕಲ್ಲಿನ ಸೀಟು ತಗ್ಗಿಸಿಟ್ಟರೆ ಮಂಡಿಗೆ ಏಟು. ಪೆಡಲ್ ತಳದಲ್ಲಿದ್ದಾಗ ಮಂಡಿ ತುಸುವೇ ಮಡಚಿರಬೇಕು. ಸುಲಭವಾದ ಮೇಲೆ ಜೋರಿನ ಅವಧಿಯನ್ನು 2, 3, ಕೊನೆಗೆ 4 ನಿಮಿಷಕ್ಕೆ ಏರಿಸಿ. ಸುತ್ತು ಕಡಿಮೆ ಮಾಡಬಹುದು.

ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಬಿಡುವು ಕೊಟ್ಟು, ಶಕ್ತಿಯ ಕೆಲಸ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ದಂಡ, ರಬ್ಬರ್ ಪಟ್ಟಿ ಎಳೆಯುವುದು, ಹಿಮ್ಮಡಿ ಎತ್ತುವುದು. 8–12 ಸಲ, 2–3 ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು. ಉಸಿರು ಬಿಗಿಹಿಡಿದು ಮಾಡಿದರೆ ಬಿಪಿ ಏರುತ್ತದೆ, ಎದ್ದೇಳುವಾಗ ಉಸಿರು ಬಿಡಲು ಹೇಳಿ.

ಕೆಡುವುದು ಎಲ್ಲಿ ಅಂದರೆ, ಒಂದನೆಯದು ಪಾರ್ಕಿನ ಹರಟೆ ನಡಿಗೆ. ಆರು ತಿಂಗಳಾದರೂ ಅದೇ ಸುತ್ತು, ಅದೇ ವೇಗ. ಮೊದಲ ತಿಂಗಳು ಹೊಸ ಬೇಡಿಕೆಯಾಗಿದ್ದದ್ದು ಆಮೇಲೆ ಸ್ನಾಯುವಿಗೆ ಮಾಮೂಲಿ. ಎರಡನೆಯದು ಟ್ರೆಡ್‌ಮಿಲ್ಲಿನ ಕಂಬಿ ಹಿಡಿದು ಜೋತುಬೀಳುವುದು. ಯಂತ್ರ ತೋರಿಸುವ ಅಂಕಿ ಆಗ ಸುಳ್ಳು. ಮೂರನೆಯದು ವಾಕಿಂಗ್ ಮುಗಿಸಿ ದರ್ಶಿನಿಗೆ ಹೋಗುವುದು. 84 ಕೆಜಿಯವರು ಮುಕ್ಕಾಲು ಗಂಟೆ ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ, ಒಂದು ಬೆಣ್ಣೆ ಮಸಾಲೆ ದೋಸೆ ಅದನ್ನು ಬಡ್ಡಿ ಸಮೇತ ವಾಪಸ್ ಕೊಡುತ್ತದೆ. ಮತ್ತೆ ಕೆಲವರು ಮೊದಲ ವಾರವೇ ಹುರುಪಿನಿಂದ ಒಂದೊಂದು ಗಂಟೆ ನಡೆದು ಹಿಮ್ಮಡಿ ನೋವು ತಂದುಕೊಂಡು ತಿಂಗಳು ಕೂರುತ್ತಾರೆ. ಸ್ನಾಯುವಿಗಿಂತ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ನಿಧಾನವಾಗಿ ಹದಗೊಳ್ಳುತ್ತದೆ.

ಔಷಧಿಯ ವಿಚಾರ. 2019ರಲ್ಲಿ ಪ್ರಕಟವಾದ 12 ವಾರಗಳ ಅಧ್ಯಯನವೊಂದರಲ್ಲಿ, ಮೆಟ್‌ಫಾರ್ಮಿನ್ ತಗೊಂಡು ಏರೋಬಿಕ್ (ಉಸಿರು, ನಾಡಿ ಏರಿಸುವ) ವ್ಯಾಯಾಮ ಮಾಡಿದ ಹಿರಿಯರಲ್ಲಿ ಸ್ನಾಯುವಿನ ಮೈಟೊಕಾಂಡ್ರಿಯಾದ ಉಸಿರಾಟ, ಮಾತ್ರೆ ಇಲ್ಲದವರಷ್ಟು ಏರಲಿಲ್ಲ. ಅವರಲ್ಲಿ ಸಕ್ಕರೆ ಕಾಯಿಲೆ ಇರಲಿಲ್ಲ, ಬರುವ ಅಪಾಯ ಇತ್ತು ಅಷ್ಟೇ, ಮತ್ತು ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಬಹಳ ಇತ್ತು. ಇದನ್ನು ಓದಿ ಅಪ್ಪನ ಮಾತ್ರೆ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಸಕ್ಕರೆ ಏರಿದರೆ ಆಗುವ ಹಾನಿ ಇದರ ಮುಂದೆ ಎಷ್ಟೋ ಪಾಲು ಹೆಚ್ಚು. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಜೊತೆಗೆ ಗ್ಲಿಮೆಪಿರೈಡ್ (ಸಕ್ಕರೆಯ ಇನ್ನೊಂದು ಮಾತ್ರೆ) ಅಥವಾ ಇನ್ಸುಲಿನ್ ಇದ್ದರೆ ಹೊರಡುವ ಮುಂಚೆ ಸಕ್ಕರೆ ಪರೀಕ್ಷಿಸಿ. 100ಕ್ಕಿಂತ ಕೆಳಗಿದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಲಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ. 250 ದಾಟಿ ಮೈಯೂ ಸರಿಯಿಲ್ಲದಿದ್ದರೆ ಆ ದಿನ ಬೇಡ.

ಆಂಟಿಆಕ್ಸಿಡೆಂಟ್ ಮಾತ್ರೆ ಬೇಡ ಎಂದದ್ದಕ್ಕೆ ಕಾರಣ ಇದೆ. 2009ರಲ್ಲಿ ಜರ್ಮನಿಯ ತಂಡವೊಂದು ವ್ಯಾಯಾಮ ಮಾಡುವವರಿಗೆ ದಿನಕ್ಕೆ 1000 ಮಿ.ಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟು ನೋಡಿತು. ನಾಲ್ಕು ವಾರದ ನಂತರ, ಮಾತ್ರೆ ಇಲ್ಲದವರಲ್ಲಿ ಕಂಡ ಇನ್ಸುಲಿನ್ ಸುಧಾರಣೆ ಇವರಲ್ಲಿ ಕಾಣಲಿಲ್ಲ. ವ್ಯಾಯಾಮದ ಹೊತ್ತಿನಲ್ಲಿ ಏಳುವ ಆ ಚೂರು ಪೆರಾಕ್ಸೈಡೇ ಸ್ನಾಯುವಿಗೆ ಸಿಗುವ ಸೂಚನೆಗಳಲ್ಲಿ ಒಂದು, ಅದನ್ನೇ ಒರೆಸಿಹಾಕಿದರೆ ಕರೆ ತಲುಪುವುದಿಲ್ಲ. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನುವುದಕ್ಕೆ ಇದು ಅನ್ವಯಿಸುವುದಿಲ್ಲ, ಆರಾಮಾಗಿ ತಿನ್ನಲಿ. ದುಡ್ಡು ಹಾಕುವುದಾದರೆ ಪ್ರೋಟೀನಿಗೆ ಹಾಕಿ: ಮೂತ್ರಪಿಂಡ ಸರಿಯಿದ್ದರೆ ದಿನಕ್ಕೆ 65–75 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 250 ಮಿ.ಲೀ. ಹಾಲಿನಲ್ಲಿ 8, ಐವತ್ತು ಗ್ರಾಂ ಒಣ ಹೆಸರುಕಾಳಿನಲ್ಲಿ 11–12. ಅನ್ನ, ತಿಳಿಸಾರಿನ ಊಟದಲ್ಲಿ ಇದು ತಾನಾಗಿ ತುಂಬುವುದಿಲ್ಲ.

ಏರಿತಾ ಇಲ್ಲವಾ ಎಂದು ತಿಳಿಯಲು ಲ್ಯಾಬಿನಲ್ಲಿ ಮಾಮೂಲಿ ರಕ್ತಪರೀಕ್ಷೆ ಇಲ್ಲ. ಮನೆಯಲ್ಲೇ ಎರಡು ಅಳತೆ ಇಡಿ, ತಿಂಗಳಿಗೊಮ್ಮೆ. ಒಂದು, ಒಂದೇ ದಾರಿಯನ್ನು ಅಷ್ಟೇ ನಿಮಿಷಗಳಲ್ಲಿ ನಡೆದು ಮುಗಿಸಿದಾಗಿನ ನಾಡಿ. ಅದು ತಿಂಗಳಿಂದ ತಿಂಗಳಿಗೆ ಇಳಿಯಬೇಕು. ಇದರಲ್ಲಿ ಹೃದಯದ ಪಾಲೂ ಇದೆ, ಪರವಾಗಿಲ್ಲ. ಎರಡು, ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹಿಡಿಯುವ ಸಮಯ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ಕಾಲಿನ ಶಕ್ತಿ ಕುಂದಿದೆ ಎಂದು ಏಷ್ಯಾದವರಿಗಾಗಿ ಮಾಡಿದ ಮಾನದಂಡ ಹೇಳುತ್ತದೆ. ತಕ್ಕಡಿ ಎರಡು ತಿಂಗಳು ಅಲ್ಲಾಡದೆ ಈ ಎರಡೂ ಸುಧಾರಿಸಿದ್ದರೆ ನೀವು ಸರಿದಾರಿಯಲ್ಲೇ ಇದ್ದೀರಿ.

ಮದುವೆ, ಮಳೆ, ಜ್ವರ ಅಂತ ನಡುವೆ ಬಿಟ್ಟುಹೋಗುವುದು ಇದ್ದದ್ದೇ. ಎರಡು ಮೂರು ದಿನವಾದರೆ ಬಿಟ್ಟಲ್ಲಿಂದಲೇ ಮುಂದುವರಿಸಿ. ಎರಡು ವಾರ ದಾಟಿದ್ದರೆ ಬಿರುಸಿನ ಸುತ್ತುಗಳನ್ನು ಅರ್ಧಕ್ಕೆ ಇಳಿಸಿ ಶುರು ಮಾಡಿ. ಜ್ವರ ಬಂದಿದ್ದರೆ ಪೂರ್ತಿ ಬಿಟ್ಟ ಮೇಲೆ ಒಂದು ವಾರ ಬರೀ ಹಗುರ ನಡಿಗೆ, ಆಮೇಲೆ ಬಿರುಸು.