ಚಾರ್ಟ್ ಬಿಡಿ, ಮೆಂತ್ಯ ಬಿತ್ತಿ

ಪ್ರಶ್ನೆ: ಹಾಸನದ ಹತ್ತಿರ ಒಂದು ಸಣ್ಣ ನರ್ಸರಿಯಲ್ಲಿ ಟೀಚರ್ ಆಗಿದ್ದೇನೆ. ಮೂರು, ನಾಲ್ಕು ವರ್ಷದ ಮಕ್ಕಳು. ವಾರಕ್ಕೊಂದು ಪರಿಸರದ ಪಾಠ ಆಗಲೇಬೇಕು ಅಂತ ನಮ್ಮ ಹೆಡ್ ಮೇಡಂ ಹೇಳಿದ್ದಾರೆ. ಚಾರ್ಟ್ ತೋರಿಸಿದರೆ "ನೀರು ಉಳಿಸಿ, ಮರ ಬೆಳೆಸಿ" ಅಂತ ಜೋರಾಗಿ ಹೇಳುತ್ತಾರೆ, ಆಮೇಲೆ ಬಿಸ್ಕತ್ ಕವರ್ ಅಲ್ಲೇ ಬಿಸಾಡಿ ನಲ್ಲಿ ತಿರುಗಿಸಿ ಓಡುತ್ತಾರೆ. ಭೂಮಿ ಬಿಸಿಯಾಗುವ ವಿಡಿಯೊ ತೋರಿಸಿದ ದಿನ ಒಂದು ಮಗು ರಾತ್ರಿಯೆಲ್ಲ ಅತ್ತಿತಂತೆ. ಮಣ್ಣಲ್ಲಿ ಬಿಟ್ಟರೆ ಯೂನಿಫಾರ್ಮ್ ಹಾಳಾಯಿತು ಅಂತ ಅಮ್ಮಂದಿರ ಜಗಳ. ಏನು ಮಾಡಲಿ?

ಉತ್ತರ: ಟೀಚರ್, ಮೊದಲು ಆ ವಿಡಿಯೊ ನಿಲ್ಲಿಸಿ. ನಾಲ್ಕು ವರ್ಷದ ಮಗು ಭೂಮಿಯನ್ನು ಏನು ತಾನೇ ಮಾಡಲು ಸಾಧ್ಯ? ಹೆದರಬಹುದು, ಅಷ್ಟೇ. ಅದಕ್ಕೆ ಕೈಗೆ ಕೆಲಸ ಬೇಕು.

ಮೆಂತ್ಯದಿಂದ ಶುರು ಮಾಡಿ. ಹಿಂದಿನ ರಾತ್ರಿ ನೆನೆಸಿಡಿ, ಮನೆಯಿಂದ ಒಂದೊಂದು ತೆಂಗಿನ ಚಿಪ್ಪು ತರಿಸಿ, ಮಣ್ಣು ತುಂಬಿಸಿ, ಮಕ್ಕಳ ಕೈಯಲ್ಲೇ ಉದುರಿಸಿ. ಮೂರ್ನಾಲ್ಕು ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ. ಈ ವಯಸ್ಸಿಗೆ ಕಾಯುವ ತಾಳ್ಮೆ ಅಷ್ಟೇ ಇರುವುದು, ಮಾವಿನ ಸಸಿ ನೆಟ್ಟು ಫೋಟೊ ತೆಗೆದರೆ ನಾಳೆಗೆ ಮರೆತಿರುತ್ತಾರೆ. ಕೈ ತೊಳೆಯಲು ನಲ್ಲಿ ಬೇಡ, ಬಕೆಟ್ಟು ಮತ್ತು ಮಗ್ ಇಡಿ, ಕೆಳಗೊಂದು ಟಬ್. ಸೋಪಿಲ್ಲದೆ ತೊಳೆದ ನೀರು ಆ ಚಿಪ್ಪುಗಳಿಗೆ. ತನ್ನ ಗಿಡಕ್ಕೆ ನೀರು ಬೇಕು ಅಂತ ಗೊತ್ತಾದ ಮಗು ಚೆಲ್ಲುವವರನ್ನು ತಾನೇ ಗದರುತ್ತದೆ, ನೋಡುತ್ತಿರಿ. ಮೂರ್ನಾಲ್ಕು ವಾರಕ್ಕೆ ಸೊಪ್ಪು ಕಿತ್ತು ಚಪಾತಿಗೋ ಬೇಳೆಗೋ ಹಾಕಿ ತಿನ್ನಿಸಿ. ಸೊಪ್ಪು ಅಂದರೆ ಮೂಗು ಮುರಿಯುವವರೂ ತಿನ್ನುತ್ತಾರೆ.

ಕವರ್ ವಿಷಯಕ್ಕೆ ಬೈಯಬೇಡಿ. ಹಳೇ ಮಡಕೆಯಲ್ಲಿ ಮಣ್ಣು ಹಾಕಿ, ಬಾಳೆಹಣ್ಣಿನ ಸಿಪ್ಪೆ ಚೂರು ಮಾಡಿ ಒಂದು ಕಡೆ, ಬಿಸ್ಕತ್ ಕವರ್ ಇನ್ನೊಂದು ಕಡೆ ಹೂಳಿಸಿ. ಮಣ್ಣು ಒಣಗದ ಹಾಗೆ ಆಗಾಗ ನೀರು ಚಿಮುಕಿಸಿ, ಒಂದೂವರೆ ತಿಂಗಳು ಬಿಟ್ಟು ಅಗೆಸಿ. ಸಿಪ್ಪೆ ಹುಡುಕಿದರೂ ಸಿಗುವುದು ಕಷ್ಟ. ಕವರನ್ನು ಕೊಡವಿದರೆ ಅದರ ಮೇಲಿನ ಚಿತ್ರ ಹಾಗೇ ಇರುತ್ತದೆ. ನೀವು ಏನೂ ವಿವರಿಸಬೇಡಿ, ಅವರೇ ಕೇಳುತ್ತಾರೆ.

ಇನ್ನೊಂದು ಮಾತು, ಬೇಜಾರಾಗಬೇಡಿ. ಜೂನ್ 5ರ ಪರಿಸರ ದಿನ ಬಂತೆಂದರೆ ಎಷ್ಟೋ ನರ್ಸರಿಗಳಲ್ಲಿ ಹಸಿರು ಬಟ್ಟೆ ಕಡ್ಡಾಯ, ಇಲ್ಲದವರು ಹೊಸದು ಕೊಳ್ಳಬೇಕು. "ಕಸದಿಂದ ರಸ" ಅಂತ ಹೋಮ್‌ವರ್ಕ್ ಕೊಟ್ಟರೆ ಅಪ್ಪ ರಾತ್ರಿ ಒಂಬತ್ತಕ್ಕೆ ಸ್ಟೇಷನರಿ ಅಂಗಡಿಗೆ ಓಡಿ ಐಸ್‌ಕ್ರೀಮ್ ಕಡ್ಡಿಯ ಹೊಸ ಪ್ಯಾಕೆಟ್ ತರುತ್ತಾನೆ! ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಆದರೂ ಭೂಮಿ ಉಳಿಸಿ ಅನ್ನುವ ಗ್ಲೋಬು ಅದರಲ್ಲೇ ಆಗುತ್ತದೆ. ಇದನ್ನೆಲ್ಲ ನಿಮ್ಮ ಮೇಡಂ ಹತ್ತಿರ ಮಾತಾಡಿ ನಿಲ್ಲಿಸಿದರೆ ಅರ್ಧ ಪಾಠ ಆದಂತೆ.

ಅದರ ಬದಲು ಒಬ್ಬರ ಅಜ್ಜಿಯನ್ನು ಕರೆಸಿ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಕೆಟ್ಟಿಗೆ ಹೋಗಿ ಅಲ್ಲಿಂದ ಹಸುವಿನ ಬಾಯಿಗೆ ಹೋಗುತ್ತಿದ್ದದ್ದನ್ನು ಅವರು ಹೇಳಲಿ. ಹತ್ತಿರದಲ್ಲಿ ಹಸು ಇದ್ದರೆ ಮಕ್ಕಳು ಸಿಪ್ಪೆ ಕೊಟ್ಟೇ ಬರಲಿ.

ಯೂನಿಫಾರ್ಮ್ ಜಗಳಕ್ಕೆ ಉಪಾಯ ಸುಲಭ. ಅಪ್ಪನ ಹಳೇ ಶರ್ಟ್ ಒಂದನ್ನು ತರಿಸಿ ಶಾಲೆಯಲ್ಲೇ ಇಟ್ಟುಕೊಳ್ಳಿ. ತೋಳು ಮಡಚಿ, ಗುಂಡಿ ಬೆನ್ನಿಗೆ ಬರುವ ಹಾಗೆ ಹಿಂದುಮುಂದಾಗಿ ತೊಡಿಸಿದರೆ ಮೊಣಕಾಲಿನ ತನಕ ಮುಚ್ಚುತ್ತದೆ.