ಹೈಬ್ರಿಡ್ ಎಡಬ್ಲ್ಯೂಡಿ ಗಾಡಿ ತಗೊಂಡ್ರ ರಾಡಿಯಾಗ ಹೊಲದ ತನಕ ಹೋಗಬಹುದಾ?

ನಿಮ್ಮ ಪ್ರಶ್ನಿ ಓದಿ ನಗು ಬಂತ್ರಿ ಅಣ್ಣಾ, ಸಿಟ್ಟಾಗಬ್ಯಾಡ್ರಿ, ನಕ್ಕಿದ್ದು ನನ್ನ ಮ್ಯಾಲೇ. ಬೀದರ ಜಿಲ್ಲಾದಾಗ ಹೊಲ ಅದ, ಮನ್ಯಾಗ ಐದು ಮಂದಿ, ಮೈಲೇಜ್ ಸಲುವಾಗಿ ಇಂಜಿನ್ ಜೋಡಿ ಕರೆಂಟ್ ಮೋಟರ್ ಇರೋ ಹೈಬ್ರಿಡ್ ಬೇಕು, ರಾಡಿ ಸಲುವಾಗಿ ಎಡಬ್ಲ್ಯೂಡಿ, ಅಂದ್ರ ನಾಕೂ ಗಾಲಿಗೆ ಪವರ್ ಬೇಕು, ಹಂತಾದ್ರಾಗ ಆಫ್‌ರೋಡ್‌ಗೆ ಯಾವುದು ಛಲೋ ಅಂತ ಕೇಳೀರಿ. ಇದನ್ನೇ ನಾ ಶೋರೂಮಿನ ಹುಡುಗನ ಮುಂದ ನಿಂತು ಕೇಳಿದ್ದೆ. ಆತ ಟ್ಯಾಬ್‌ನಾಗ ಒಂದು ವಿಡಿಯೋ ತೋರಿಸಿದ, ಬರ್ಫದಾಗ ಗಾಡಿ ಹೊಂಟಿತ್ತು. ಕಲಬುರಗ್ಯಾಗ ಬರ್ಫ ಎಲ್ಲದ ಅಂತ ಕೇಳಬೇಕಿತ್ತು, ಕೇಳ್ಲಿಲ್ಲ.

ಯಾವ ಕಂಪನಿ ಗಾಡಿ ಅಂತ ಹೇಳಂಗಿಲ್ಲ, ಯಾಕಂದ್ರ ತಪ್ಪು ಗಾಡೀದಲ್ಲ, ನಂದು. ಮೈಲ್ಡ್ ಹೈಬ್ರಿಡ್, ಮ್ಯಾನುಯಲ್ ಗೇರು, ಎಡಬ್ಲ್ಯೂಡಿ, ಗೇರ್ ಹತ್ರ ಮೋಡ್ ಬದಲ್ ಮಾಡೋ ಗುಂಡನ ಬಟನ್, ಇಷ್ಟು ಸಾಕು.

ನಮ್ಮ ಹೊಲ ಅಫಜಲಪುರ ತಾಲೂಕಿನಾಗ, ಭೀಮಾ ನದಿ ಕಡೆ. ಪೂರಾ ಎರಿ ಭೂಮಿ. ಡಾಂಬರ್ ರೋಡ್ ಬಿಟ್ಟು ಒಂದೂವರೆ ಕಿಲೋಮೀಟರ್ ಹೊಲದ ಹಾದಿ. 2024ರ ಡಿಸೆಂಬರ್ ಕೊನೀಗೆ ಎಳ್ಳಮವಾಸಿ ಬಂದಿತ್ತಲ್ಲ, ಆವತ್ತು ಹೊಲದಾಗ ಪೂಜಿ ಮಾಡಿ ಚರಗ (ಭೂಮಿತಾಯಿಗೆ ಎಡಿ) ಚೆಲ್ಲಲಾಕ ಕಲಬುರಗಿಯಿಂದ ಹೊಂಟಿದ್ವಿ. ಹಿಂದಿನ ಸೀಟಿನಾಗ ಅವ್ವ, ಎರಡು ಹುಡುಗರು, ಮುಂದ ನಮ್ಮಾಕಿ, ಡಿಕ್ಕಿಯಾಗ ಭಜ್ಜಿ ಡಬರಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಗಂಟು, ಕಡಬು, ನೀರಿನ ಕ್ಯಾನ್. ಮಳಿ ಬಂದು ಎರಡು ತಿಂಗಳಾಗಿತ್ತು, ಹಾದಿ ಕಲ್ಲಿನಂಗ ಇರ್ತದ ಅಂತ ಧೈರ್ಯ. ನೀವು ಮಳಿಗಾಲದ ಮಾತು ಕೇಳೀರಿ, ನಾ ಸಿಕ್ಕಿಬಿದ್ದಿದ್ದು ಚಳಿಗಾಲದಾಗ, ಅದನ್ನ ಮೊದಲು ತಲ್ಯಾಗ ಇಟ್ಕೋರಿ.

ಆಗಿದ್ದೇನಂದ್ರ ಬಾಜೂ ಹೊಲದವರು ರಾತ್ರಿ ಕಬ್ಬಿಗೆ ನೀರು ಬಿಟ್ಟು ಮಲಗ್ಯಾರ, ಒಡ್ಡು ಒಡದು ನೀರು ಪೂರಾ ಹಾದಿ ಮ್ಯಾಲ ನಿಂತದ. ಭಾಳಂದ್ರ ಅರವತ್ತು ಎಪ್ಪತ್ತು ಫೂಟ್. ಅದ್ರ ಮ್ಯಾಲ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗಿ ಎರಡು ಜಾಡು ಬಿದ್ದಾವ. ನಮ್ಮ ಕಾಕಾ ಆ ಕಡೆಯಿಂದ ಕೈ ಮಾಡಿ ಒದರ್ಲಾಕತ್ತಿದ್ದ, ಏ ತಮ್ಮಾ, ಗಾಡಿ ಅಲ್ಲೇ ಬಿಟ್ಟು ನಡಕೋತ ಬರ್ರಿ ಅಂತ. ನಾ ಗ್ಲಾಸ್ ಇಳಿಸಿ, ಕಾಕಾ ಇದಕ್ಕ ನಾಕೂ ಗಾಲಿಗೆ ಜೋರದ ಅಂದೆ. ಈ ಮಾತು ಈಗ ನಮ್ಮ ಊರಾಗ ಗಾದಿ ಮಾತಾಗ್ಯದ, ಯಾರದ್ದಾದರೂ ಬೈಕ್ ಪಂಕ್ಚರ್ ಆದ್ರೂ ಇದನ್ನೇ ಅಂತಾರ.

ಬಟನ್ ತಿರುವಿ, ನಾಕೂ ಗಾಲಿಗೆ ಪವರ್ ಹೋಗೋ ಲಾಕ್ ಮೋಡ್ ಹಾಕ್ದೆ. ಫಸ್ಟ್ ಗೇರ್. ಪುಸ್ತಕದಾಗ ಬರದಂಗೇ ಎಲ್ಲಾ ಮಾಡ್ದೆ. ತಪ್ಪು ಒಂದೇ ಮಾಡ್ದೆ, ಅದನ್ನ ಜರಾ ಉದ್ದ ಹೇಳ್ತೀನಿ, ಯಾಕಂದ್ರ ಇದನ್ನ ಯಾವ ವಿಡಿಯೋದಾಗೂ ಸರಿಯಾಗಿ ಹೇಳಂಗಿಲ್ಲ.

ನಾ ಗಾಲಿ ಟ್ರ್ಯಾಕ್ಟರ್ ಜಾಡಿನಾಗ ಇಟ್ಟೆ.

ಯಾಕಿಟ್ಟೆ ಅಂದ್ರ, ಟ್ರ್ಯಾಕ್ಟರ್ ಹೋಗ್ಯದ ಅಂದ್ಮ್ಯಾಲ ಅಲ್ಲಿ ನೆಲ ಒತ್ತಿ ಗಟ್ಟಿ ಆಗಿರ್ತದ, ಹಾದಿ ಮಾಡಿ ಇಟ್ಟಂಗ ಆಯ್ತು ಅಂತ ನನ್ನ ಲೆಕ್ಕ. ನೋಡ್ಲಾಕ ಹಂಗೇ ಕಾಣ್ತದ ಖರೇ. ಆದ್ರ ಟ್ರ್ಯಾಕ್ಟರ್ ಹಿಂದಿನ ಗಾಲಿ ನನ್ನ ಎದಿಮಟ್ಟ ಬರ್ತದ, ಅದ್ರ ಹೊಟ್ಟಿ ಎಲ್ಲೋ ಮ್ಯಾಲದ, ಅದಕ್ಕ ಒಂದು ಗೇಣು ಆಳದ ಜಾಡು ಲೆಕ್ಕಕ್ಕೇ ಇಲ್ಲ. ನನ್ನ ಗಾಡಿ ಬ್ರೋಷರ್‌ನಾಗ ಗ್ರೌಂಡ್ ಕ್ಲಿಯರೆನ್ಸ್, ಅಂದ್ರ ನೆಲದಿಂದ ಗಾಡಿ ಹೊಟ್ಟಿ ತನಕ ಎತ್ತರ, 210 ಮಿಲಿಮೀಟರ್ ಅಂತ ದೊಡ್ಡದಾಗಿ ಹಾಕ್ಯಾರ. 210 ಅಂದ್ರ ಒಂದು ಗೇಣಿಗೂ ಕಮ್ಮಿ, ಬೇಕಂದ್ರ ಈಗೇ ಟೇಪ್ ಹಿಡದು ನೋಡ್ರಿ. ಐದು ಮಂದಿ ಕುಂತು ಡಿಕ್ಕಿ ತುಂಬಿದ್ರ ಸ್ಪ್ರಿಂಗ್ ಕುಂತು ಅದೂ ಇಳೀತದ. ಜಾಡು ಗೇಣಿನ ಮ್ಯಾಲ ನಾಕು ಬೆರಳು ಆಳ ಇತ್ತು. ಎರಡು ಜಾಡಿನ ನಡುವ ಮಣ್ಣಿನ ದಿನ್ನಿ ಉಳದಿರ್ತದಲ್ಲ, ಹದಿನೈದು ಫೂಟ್ ಹೋಗೋದ್ರೊಳಗ ಗಾಡಿ ಹೊಟ್ಟಿ ಆ ದಿನ್ನಿ ಮ್ಯಾಲ ಹೋಗಿ ಕುಂತು ಬಿಡ್ತು. ಸಪ್ಪಳ ಆಗ್ಲಿಲ್ಲ, ದಡಕ್ ಅನ್ಲಿಲ್ಲ, ಮೆತ್ತಗ ಗಾದಿ ಮ್ಯಾಲ ಕುಂತಂಗ ಕುಂತ್ತು.

ಹೊಟ್ಟಿ ಒಮ್ಮೆ ಕುಂತ್ತಂದ್ರ ಗಾಡಿ ಭಾರ ಗಾಲಿ ಮ್ಯಾಲ ಇರಂಗಿಲ್ಲ, ಹೊಟ್ಟಿ ಮ್ಯಾಲ ಇರ್ತದ. ಭಾರ ಇಲ್ದ ಗಾಲಿಗೆ ಹಿಡತ ಎಲ್ಲಿಂದ ಬರ್ಬೇಕು? ಎತ್ತಿನ ಹೊಟ್ಟಿ ತೆಳಗ ದಿಮ್ಮಿ ಕೊಟ್ಟು, ಕಾಲು ನೆಲಕ್ಕ ಆನದಂಗ ಎತ್ತಿ ಇಟ್ಟು, ಬಾರಕೋಲು ತಗೊಂಡು ನಡೀ ನಡೀ ಅಂದಂಗ. ಎರಡು ಕಾಲಿದ್ರೂ ಅಷ್ಟೇ, ನಾಕಿದ್ರೂ ಅಷ್ಟೇ. ಎಡಬ್ಲ್ಯೂಡಿ ಅನ್ನೋದು ಇಂಜಿನ್ ಜೋರನ್ನ ನಾಕು ಗಾಲಿಗೆ ಹಂಚ್ತದ, ಇಲ್ದ ಹಿಡತ ಹುಟ್ಟಿಸಂಗಿಲ್ಲ.

ನನಗ ಆಗ ಇದು ತಿಳೀಲಿಲ್ಲ. ನಾಕೂ ಗಾಲಿ ತಿರಗ್ಲಾಕತ್ತಾವ, ಇನ್ನೇನು ಎದ್ದೇ ಬಿಡ್ತದ ಅಂತ ಹಾಫ್ ಕ್ಲಚ್‌ನಾಗ ಫಸ್ಟ್, ರಿವರ್ಸ್, ಫಸ್ಟ್, ರಿವರ್ಸ್, ಹತ್ತು ನಿಮಿಷ. ಎರಿಮಣ್ಣು ನಿಮಗೂ ಗೊತ್ತಿರ್ತದ, ನೀರು ಕುಡದ್ರ ಉಬ್ಬಿ ಅಂಟು ಆಗ್ತದ, ಟಯರ್ ಗೀರಿನಾಗ ತುಂಬಿ ಮ್ಯಾಲ ಇನ್ನೊಂದು ಪದರ ಕುಂದರ್ತದ, ಎರಡು ಸುತ್ತಿಗೆ ಗಾಲಿ ಹೋಗಿ ಕರೀ ಉಂಡಿ ಆಗಿತ್ತು. ಮಡ್‌ಗಾರ್ಡ್ ಒಳಗ ಕೈ ಹಾಕ್ಲಾಕ ಸಂದಿಲ್ಲದಂಗ ಮಣ್ಣು ತುರಕಿತ್ತು. ಡಿಸ್ಪ್ಲೇದಾಗ ಎಡಬ್ಲ್ಯೂಡಿ ಬಿಸಿ ಆಗ್ಯದ ಅಂತ ವಾರ್ನಿಂಗ್ ಬಂತು. ಹಿಂದಿನಿಂದ ಅವ್ವ, ಏನೋ ಹೊತ್ತಿದ ವಾಸನಿ ಬರ್ಲಾಕತ್ತದ, ರೊಟ್ಟಿ ಹೊತ್ತಿಸೀರೇನು ಅಂತ ನಮ್ಮಾಕಿಗಿ ಕೇಳಿದ್ಲು. ರೊಟ್ಟಿ ಅಲ್ರಿ, ಕ್ಲಚ್ ಪ್ಲೇಟ್. ಅಷ್ಟೊತ್ತಿಗೆ ಗಾಡಿ ಎಡಕ್ಕ ವಾಲಿ ಭಜ್ಜಿ ಡಬರಿ ಮುಚ್ಚಳ ಜಾರಿ ಡಿಕ್ಕಿ ತುಂಬ ಹರದಿತ್ತು. ಆ ವಾಸನಿ ಯುಗಾದಿ ತನಕ ಹೋಗ್ಲಿಲ್ಲ.

ಮುಂದಿಂದು ಗಡಬಡ ಹೇಳ್ತೀನಿ. ಎಲ್ಲರೂ ಇಳದು ಬರಿಗಾಲಿಲೇ ಹೋದ್ರು. ಕಾಕಾ ತೊಗರಿ ಕಟಗಿ ತಂದು ಗಾಲಿ ತೆಳಗ ತುರಕಿದ, ಗಾಲಿ ಕಟಗಿ ನುಂಗಿ ಹಿಂದಕ್ಕ ಉಗಳ್ತು. ಕೊನೀಗೆ ಟ್ರ್ಯಾಕ್ಟರ್ ಬಂತು. ಒಬ್ಬ ಪೋರ ತೆಳಗ ಹೊಕ್ಕು ಗಾಲಿ ಹಿಡದಿರೋ ಸಸ್ಪೆನ್ಷನ್ ಆರ್ಮ್‌ಗೇ ಚೈನ್ ಸುತ್ತಲಾಕತ್ತಿದ್ದ, ನೋಡಿದ್ದು ಪುಣ್ಯ. ಎಳಿಯೋ ಹುಕ್ ಸ್ಟೆಪ್ನಿ ಹತ್ರ ಟೂಲ್ ಚೀಲದಾಗ ಇರ್ತದ, ಬಂಪರ್‌ನಾಗಿನ ಸಣ್ಣ ಚೌಕಾನ ಮುಚ್ಚಳ ತಗದು ತಿರುಪಿ ಕುಂದರಸ್ಬೇಕು, ಅದನ್ನ ಹುಡುಕ್ಲಾಕ ಭಜ್ಜಿಯಾಗ ಕೈ ಆಡಿಸಿದ್ದು ನಾನೇ. ಬಂದ ಹಾದಿಗೇ ನೆಟ್ಟಗ ಹಿಂದಕ್ಕ ಎಳಸಿದ್ವಿ. ಕ್ಲಚ್ ಸೆಟ್, ತೆಳಗಿನ ಪ್ಲಾಸ್ಟಿಕ್ ಕವರ್, ಮಡ್‌ಗಾರ್ಡ್ ಲೈನರ್ ಎಲ್ಲಾ ಸೇರಿ ಮೂವತ್ತು ಸಾವಿರದ ಮ್ಯಾಲ ಹೋಯ್ತು, ಕ್ಲಚ್ ಸುಟ್ಟಿದ್ದಕ್ಕ ವಾರಂಟಿ ಕೇಳ್ಲಾಕ ನನಗೇ ನಾಚಿಕಿ ಬಂತು.

ಸರಿಯಾದ ರೀತಿ ಏನಂದ್ರ ಜಾಡಿನಾಗ ಇಳೀಬಾರದು, ಜಾಡಿನ ಮ್ಯಾಲಿಂದ ಹೋಗ್ಬೇಕು. ಒಂದು ಕಡೆ ಗಾಲಿ ನಡುವಿನ ದಿನ್ನಿ ಮ್ಯಾಲ, ಇನ್ನೊಂದು ಕಡೆ ಗಾಲಿ ಹೊರಗಿನ ಅಂಚಿನ ಮ್ಯಾಲ, ಜಾಡು ಗಾಡಿ ಹೊಟ್ಟಿ ತೆಳಗ ಬರ್ಬೇಕು. ಮೊದಲು ಇಳದು ನಡದು ನೋಡ್ರಿ, ಚಪ್ಪಲ್ ಕಿತ್ಕೊಂಡು ಹೋಗ್ತದಂದ್ರ ಗಾಡಿ ಒಯ್ಯಬ್ಯಾಡ್ರಿ. ಸಿಕ್ಕಿತು ಅಂದ್ರ ಎರಡನೇ ಸಲ ಎಕ್ಸಲರೇಟರ್ ಒತ್ತೋ ಮೊದಲು ಬಗ್ಗಿ ಹೊಟ್ಟಿ ತೆಳಗ ಬೆಳಕು ಕಾಣ್ತದೇನು ನೋಡ್ರಿ. ಕಾಣ್ಲಿಲ್ಲಂದ್ರ ಸುಮ್ಮ ಇಂಜಿನ್ ಬಂದ್ ಮಾಡಿ ಸಲಿಕಿ ತರಿಸ್ರಿ.

ಈಗ ನಿಮ್ಮ ಪ್ರಶ್ನಿಗೆ ಬರ್ತೀನಿ. ನೀವು ಕೇಳಿದ ಜೋಡಿನೇ ತಪ್ಪದ ಅಂತ ನನ್ನ ಅಂಬೋಣ. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್ ನೋಡ್ರಿ, ಇವುಗಳಾಗ ಸ್ಟ್ರಾಂಗ್ ಹೈಬ್ರಿಡ್ ಇದ್ದುದ್ರಾಗ ಮುಂದಿನ ಎರಡು ಗಾಲಿಗೇ ಪವರ್, ಎಡಬ್ಲ್ಯೂಡಿ ಇದ್ದುದ್ರಾಗ ಬರೇ ಮೈಲ್ಡ್ ಹೈಬ್ರಿಡ್. ಮೈಲ್ಡ್ ಅಂದ್ರ ಸಣ್ಣ ಮೋಟರ್ ಇಂಜಿನ್‌ಗೆ ಜರಾ ಕೈ ಹಚ್ತದ ಅಷ್ಟೇ, ಅದೊಂದೇ ಗಾಡಿ ನಡಸಂಗಿಲ್ಲ, ಸ್ಟ್ರಾಂಗ್‌ನಾಗಿನ ಮೋಟರ್ ಒಂದೇ ಸುದ್ದಾ ಜರಾ ದೂರ ನಡಸ್ತದ. ಗ್ರ್ಯಾಂಡ್ ವಿಟಾರಾಕ್ಕ ಕಂಪನಿ ಹೇಳಿದ ಮೈಲೇಜ್ ಸ್ಟ್ರಾಂಗ್ ಹೈಬ್ರಿಡ್‌ಗೆ ಲೀಟರ್‌ಗೆ 27.97 ಕಿಲೋಮೀಟರ್, ಮ್ಯಾನುಯಲ್ ಎಡಬ್ಲ್ಯೂಡಿ ಬರ್ತಿದ್ದಾಗ ಅದಕ್ಕ 19.38 ಇತ್ತು. ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಸುದ್ದಾ ಫ್ರಂಟ್ ವ್ಹೀಲ್ ಡ್ರೈವೇ. ಹೊರದೇಶದಾಗ ಟೊಯೋಟಾದ್ದೇ ರಾವ್ ಫೋರ್ ಹೈಬ್ರಿಡ್ ಅಂತ ಅದ, ಅದ್ರಾಗ ಹಿಂದಿನ ಗಾಲಿಗೆ ಬ್ಯಾರೇನೇ ಕರೆಂಟ್ ಮೋಟರ್, ಇಂಜಿನ್‌ನಿಂದ ಹಿಂದಕ್ಕ ಶಾಫ್ಟೇ ಹೋಗಂಗಿಲ್ಲ. ನೀವು ನೋಡೋ ಇಂಗ್ಲಿಷ್ ವಿಡಿಯೋ ಭಾಳಷ್ಟು ಹಂತಾ ಗಾಡಿಗಳವು. ಅವನ್ನ ನೋಡಿ ಇಲ್ಲಿ ಬುಕಿಂಗ್ ಮಾಡಬ್ಯಾಡ್ರಿ.

ಮತ್ತ ಈ ಫ್ಯಾಮಿಲಿ ಎಡಬ್ಲ್ಯೂಡಿಗಳಾಗ ಲೋ ರೇಂಜ್ ಗೇರ್ ಇರಂಗಿಲ್ಲ. ಜಿಮ್ನಿ, ಥಾರ್ ಫೋರ್ ಬೈ ಫೋರ್‌ನಾಗ ಇರ್ತದಲ್ಲ, ಇಂಜಿನ್ ಜೋರಿದ್ರೂ ಗಾಲಿ ಮೆತ್ತಗ ತಿರುಗೋದು, ಅದು. ಅದಿಲ್ಲ ಅಂದಾಗ ನಿಧಾನ ಹೋಗ್ಬೇಕಂದ್ರ ಕ್ಲಚ್ಚೇ ಸುಡ್ಬೇಕು, ನನ್ನಂಗ. ಹಂಗಂತ ಜಿಮ್ನಿ ತಗೋರಿ ಅಂತಿಲ್ಲ, ಅದು ನಾಕು ಸೀಟಿಂದು, ನೀವು ಐದು ಮಂದಿ, ಯಾರಿಗೆ ಬಿಟ್ಟು ಹೋಗ್ತೀರಿ?

ಎಡಬ್ಲ್ಯೂಡಿ ಪೂರಾ ಸುಳ್ಳು ಅಂತಲ್ಲ. ಮಳಿಯಾಗ ತೊಯ್ದ ಏರು, ಸಡಿಲ ಮುರುಮು, ಕಡಿ ಹಾಕಿದ ಕಚ್ಚಾ ರೋಡ್, ಚಿಂಚೋಳಿ ಕಾಡಿನ ಕಡೆ ಕಲ್ಲಿನ ಹಾದಿ, ಇಲ್ಲೆಲ್ಲಾ ಖರೇನೇ ಫರಕ್ ಕಾಣ್ತದ. ಒಂದು ಗಾಲಿ ಗಾಳಿಯಾಗ ಎದ್ರ ಅದಕ್ಕ ಬ್ರೇಕ್ ಹಿಡದು ಇನ್ನೊಂದಕ್ಕ ಜೋರು ಕೊಡ್ತದ, ಅದು ಛಲೋ ಕೆಲಸ ಮಾಡ್ತದ. ಆದ್ರ ಬ್ರೇಕ್ ಹೊಡಿವಾಗ, ತಿರುವಿನಾಗ ಜೋರು ಹೋಗುವಾಗ ಅದರಿಂದ ಏನೂ ಉಪಯೋಗಿಲ್ಲ, ಅಲ್ಲಿ ಟಯರ್ ಒಂದೇ ಕಾಪಾಡೋದು. ಹಳ್ಳ ತುಂಬಿ ಸೇತುವಿ ಮ್ಯಾಲ ನೀರು ಹೊಂಟಾಗಂತೂ ಯಾವ ಮೋಡೂ ಇಲ್ಲ. 2020ರ ಅಕ್ಟೋಬರ್‌ದಾಗ ಭೀಮಾ ಬಂದಾಗ ನಮ್ಮ ಕಡೆ ಹೊಲ ಮನಿ ಎಲ್ಲಾ ನೀರಾಗಿತ್ತು, ಅದನ್ನ ನೋಡಿದವ ನೀರಾಗ ಗಾಡಿ ಇಳಸಂಗಿಲ್ಲ.

ನನ್ನ ಕೇಳಿದ್ರ ಎಡಬ್ಲ್ಯೂಡಿ ಬಿಡ್ರಿ. ಸ್ಟ್ರಾಂಗ್ ಹೈಬ್ರಿಡ್ ಫ್ರಂಟ್ ವ್ಹೀಲ್ ಡ್ರೈವ್ ತಗೋರಿ, ಕಲಬುರಗಿ, ಹೈದರಾಬಾದ್ ಓಡಾಟಕ್ಕ ಪೆಟ್ರೋಲ್ ಉಳೀತದ, ಟಯರ್ ಗೀರು ಸವಿಯೋ ಮೊದಲೇ ಬದಲ್ ಮಾಡ್ರಿ, ಹೊಲಕ್ಕ ಹಳೇ ಬೈಕೋ ಟ್ರ್ಯಾಕ್ಟರೋ ಇದ್ದೇ ಇರ್ತದ. ದಿನಾ ಮಳಿಯಾಗ ಹೊಲಕ್ಕ ಗಾಡಿ ಒಯ್ಯಲೇಬೇಕು ಅನ್ನೋರು ಹೈಬ್ರಿಡ್ ಮಾತೇ ತೆಗೀಬಾರದು, ಲೋ ರೇಂಜ್ ಇರೋ ಫೋರ್ ಬೈ ಫೋರ್ ನೋಡ್ಬೇಕು, ಅದೂ ಎರಿಯಾಗ ಸಿಕ್ಕಿಬೀಳ್ತದ, ಜರಾ ಮುಂದ ಹೋಗಿ ಸಿಕ್ಕಿಬೀಳ್ತದ ಅಷ್ಟೇ.

ಒಂದು ಮಾತು ನೀವು ಬರದಿಲ್ಲ. ನಿಮ್ಮ ಹೊಲದ ಹಾದಿ ಮಣ್ಣು ಎಂಥಾದು? ಬೀದರ ಊರಿನ ಸುತ್ತ ಕೆಂಪು ಮುರುಮು ಅದ, ಅದು ನೀರು ಹಿಡಿಯಂಗಿಲ್ಲ, ಮಳಿ ನಿಂತು ಎರಡು ತಾಸಿಗೆ ಸಾದಾ ಕಾರೂ ಹೋಗ್ತದ, ಅಲ್ಲಿ ಎಡಬ್ಲ್ಯೂಡಿಗೆ ರೊಕ್ಕ ಹಾಕೋದು ದಂಡ. ಕರೀ ಎರಿ ಇದ್ರ ಮ್ಯಾಲ ಹೇಳಿದ್ದೆಲ್ಲಾ ನಿಮಗೇ ಹೇಳಿದ್ದು ಅಂತ ತಿಳ್ಕೋರಿ. ಯಾವ ಮಣ್ಣು ಅಂತ ಬರೀರಿ, ಟಯರ್ ಬಗ್ಗೆ ಆಮ್ಯಾಲ ಹೇಳ್ತೀನಿ. ಈಗ ಕಾಕಾನ ಫೋನ್ ಬರ್ಲಾಕತ್ತದ, ಎತ್ತಿದ ಕೂಡ್ಲೇ ಮೊದಲು ಅದೇ ಮಾತು ಕೇಳ್ತಾನ, ನಾಕೂ ಗಾಲಿ ಹೆಂಗವ ತಮ್ಮಾ ಅಂತ.