ನೀಟ್ ಅರ್ಜಿಯಲ್ಲಿ ಕನ್ನಡ ಹಾಕಲಾ, ಇಂಗ್ಲಿಷ್ ಹಾಕಲಾ?

ಪ್ರಶ್ನೆ: ಮೇಡಂ, ನಾನು ಕುಷ್ಟಗಿ ತಾಲ್ಲೂಕಿನ ಹಳ್ಳಿಯವಳು. ಒಂದರಿಂದ ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ, ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಕೊಪ್ಪಳದಲ್ಲಿ ದ್ವಿತೀಯ ಪಿಯುಸಿ ಸೈನ್ಸ್. ಸರ್ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಎಲ್ಲ ತಿಳಿಯುತ್ತದೆ. ಅದೇ ಲೆಕ್ಕ ಇಂಗ್ಲಿಷಿನಲ್ಲಿ ಬಂದರೆ ಕೈಕಾಲು ಆಡುವುದಿಲ್ಲ. ಮೆಡಿಕಲ್ ಪ್ರವೇಶದ ನೀಟ್ ಪರೀಕ್ಷೆಗೆ ಯಾವ ಭಾಷೆ ಆರಿಸಲಿ? ಮೊದಲು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರು ಅಂತಾರೆ ಅಪ್ಪ.

ಉತ್ತರ: ಕನ್ನಡವನ್ನೇ ಹಾಕು ತಂಗಿ. ಕನ್ನಡ ಆರಿಸಿದರೆ ಬರೀ ಕನ್ನಡದ ಪ್ರಶ್ನೆಪತ್ರಿಕೆ ಬರುತ್ತದೆ ಅಂತ ಬಹಳ ಮಕ್ಕಳು ಹೆದರುತ್ತಾರೆ. ಹಾಗಿಲ್ಲ. ಕನ್ನಡ, ಇಂಗ್ಲಿಷ್ ಎರಡೂ ಇರುವ ಪತ್ರಿಕೆಯನ್ನೇ ಕೊಡುತ್ತಾರೆ. ಇಂಗ್ಲಿಷ್ ಆರಿಸಿದವರಿಗೆ ಇಂಗ್ಲಿಷ್ ಒಂದೇ. ಕನ್ನಡದ ಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಸಿಗುವುದರಿಂದ ಕೇಂದ್ರ ಆರಿಸುವಾಗ ಆಂಧ್ರ, ತೆಲಂಗಾಣದ ಊರು ಹಾಕಬೇಡ.

ಆದರೆ ಹಾಲ್‌ನಲ್ಲಿ ಕೂತು ಎರಡನ್ನೂ ಓದಲು ಹೋಗಬೇಡ. 180 ಪ್ರಶ್ನೆಗೆ ಇರುವುದು 180 ನಿಮಿಷ. ಇಂಗ್ಲಿಷನ್ನೇ ಮೊದಲು ಓದು. ಪಿಯುಸಿಯಲ್ಲಿ ಹೊಸದಾಗಿ ಕಲಿತದ್ದೆಲ್ಲ ನಿನಗೆ ಗೊತ್ತಿರುವುದು ಇಂಗ್ಲಿಷ್ ಹೆಸರಿನಲ್ಲಿ, ಅಲ್ವಾ? ಅವುಗಳ ಕನ್ನಡ ಹೆಸರನ್ನು ಪರೀಕ್ಷೆಯ ದಿನವೇ ಮೊದಲ ಸಲ ನೋಡಿದರೆ ಗಾಬರಿಯಾಗುತ್ತದೆ. ವಾಕ್ಯ ಎಲ್ಲಾದರೂ ಸಿಕ್ಕಿಕೊಂಡಾಗ ಮಾತ್ರ ಕನ್ನಡದ ಕಡೆ ಕಣ್ಣು ಹಾಯಿಸು. ಎರಡರ ನಡುವೆ ವ್ಯತ್ಯಾಸ ಕಂಡರೆ ಇಂಗ್ಲಿಷಿನದ್ದೇ ಅಂತಿಮ ಅನ್ನುವುದು ನೀಟ್‌ನ ನಿಯಮ.

ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಈ ವರ್ಷ ಬೇಡ. ಮಾತಾಡುವ ಇಂಗ್ಲಿಷ್ ಬೇರೆ, ಪ್ರಶ್ನೆಪತ್ರಿಕೆಯ ಇಂಗ್ಲಿಷ್ ಬೇರೆ. ಪತ್ರಿಕೆಯಲ್ಲಿ ಬರುವ ಮಾತುಗಳು ಕಡಿಮೆ, ಬಂದವೇ ಮತ್ತೆ ಮತ್ತೆ ಬರುತ್ತವೆ. ಫಿಸಿಕ್ಸ್‌ನ ಒಂದು ಸಾಲು ನೋಡು: 'ಎ ಬ್ಲಾಕ್ ಈಸ್ ರಿಲೀಸ್ಡ್ ಫ್ರಮ್ ರೆಸ್ಟ್ ಆನ್ ಎ ಸ್ಮೂತ್ ಇನ್‌ಕ್ಲೈನ್ಡ್ ಪ್ಲೇನ್'. ನಮ್ಮ ಮಕ್ಕಳು ಇಂಥ ಸಾಲಿನ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಅರ್ಥ ಬರೆದುಕೊಳ್ಳುತ್ತಾರೆ. ಬರೆದ ಮೇಲೂ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. ನೀನು ಅರ್ಥ ಬರೆಯಬೇಡ, ಲೆಕ್ಕಕ್ಕೆ ಬೇಕಾದದ್ದನ್ನು ಬರೆ. 'ಫ್ರಮ್ ರೆಸ್ಟ್' ಕಂಡರೆ ಮೊದಲ ವೇಗ ಸೊನ್ನೆ. 'ಸ್ಮೂತ್' ಕಂಡರೆ ಘರ್ಷಣೆ ಸೊನ್ನೆ. ಇಷ್ಟಾದರೆ ವೇಗೋತ್ಕರ್ಷ ಅಂದರೆ ಜಿ ಸೈನ್ ಥೀಟಾ, ಲೆಕ್ಕ ಅರ್ಧ ಮುಗಿಯಿತು. 'ಯೂನಿಫಾರ್ಮ್ ವೆಲಾಸಿಟಿ' ಇದ್ದರೆ ವೇಗೋತ್ಕರ್ಷ ಸೊನ್ನೆ. 'ಲೈಟ್ ಸ್ಟ್ರಿಂಗ್' ಅಂದರೆ ದಾರದ ತೂಕ ಲೆಕ್ಕಕ್ಕಿಲ್ಲ. ಹಳೇ ಪತ್ರಿಕೆಗಳಿಂದ ಇಂಥವನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸು.

ಬಯಾಲಜಿಯ ಕಥೆ ಬೇರೆ. ಅಲ್ಲಿ 90 ಪ್ರಶ್ನೆ, 360 ಅಂಕ, ಅಂದರೆ ಇಡೀ ನೀಟ್‌ನ ಅರ್ಧ. ಎನ್‌ಸಿಇಆರ್‌ಟಿ ಪುಸ್ತಕದ ಸಾಲನ್ನೇ ಸ್ವಲ್ಪ ತಿರುಗಿಸಿ ಕೇಳುವುದು ಜಾಸ್ತಿ. ಒಂದು ಪ್ಯಾರಾ ಜೋರಾಗಿ ಓದು. ಪುಸ್ತಕ ಮುಚ್ಚು. ಓದಿದ್ದನ್ನು ಮನೆಯಲ್ಲಿ ಅವ್ವನಿಗೋ ತಮ್ಮನಿಗೋ ಕನ್ನಡದಲ್ಲಿ ಹೇಳು. ಎಲ್ಲಿ ತಡವರಿಸಿದೆಯೋ ಆ ಸಾಲು ನಿನಗೆ ತಿಳಿದಿಲ್ಲ, ಅದನ್ನೇ ಮತ್ತೆ ತೆಗೆದು ಓದು. ಪ್ರಶ್ನೆಯಲ್ಲಿ 'ನಾಟ್', 'ಇನ್‌ಕರೆಕ್ಟ್', 'ಎಕ್ಸೆಪ್ಟ್' ಕಂಡ ಕೂಡಲೇ ಸುತ್ತು ಹಾಕುವ ರೂಢಿ ಮಾಡಿಕೋ. ಉತ್ತರ ಗೊತ್ತಿದ್ದೂ ಅಂಕ ಹೋಗುವುದು ಇಲ್ಲೇ. ತಪ್ಪಿಗೆ ನೀಟ್‌ನಲ್ಲಿ ಒಂದು ಅಂಕ ಕಳೆಯುತ್ತಾರೆ, ಪ್ರಶ್ನೆಯೇ ತಿಳಿಯದಿದ್ದರೆ ಬಿಟ್ಟುಬಿಡು. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಕಳೆಯುವುದಿಲ್ಲ. ಅಲ್ಲಿ ಒಂದನ್ನೂ ಖಾಲಿ ಬಿಡಬೇಡ.

ಕನ್ನಡ ಮಾಧ್ಯಮದವರು ದಡ್ಡರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಕನ್ನಡದಲ್ಲಿ ಹೇಳಿದರೆ ತಿಳಿಯುತ್ತದೆ ಅಂತ ನೀನೇ ಬರೆದಿದ್ದೀಯ. ವಿಷಯ ನಿನಗೆ ಬರುತ್ತದೆ, ಇಂಗ್ಲಿಷ್ ಸಾಲು ಓದುವ ರೂಢಿ ಇಲ್ಲ, ಅಷ್ಟೇ.

ಇನ್ನು ನಿನ್ನ ಹಕ್ಕಿನ ಮಾತು. ಸೀಟು ಹಂಚುವಾಗ ಹಳ್ಳಿಯಲ್ಲಿ ಓದಿದವರಿಗೆ 15%, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಮೀಸಲು ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371 (ಜೆ) ವಿಧಿಯ ಅಡಿ ನಮ್ಮ ಭಾಗದ ಕಾಲೇಜುಗಳಲ್ಲಿ 70%, ರಾಜ್ಯದ ಉಳಿದ ಕಡೆ 8%. ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜು ಎಲ್ಲ ಇದರಲ್ಲಿ ಬರುತ್ತವೆ. ಮೊದಲ ಎರಡಕ್ಕೆ ಶಾಲೆಯ ಹೆಡ್‌ಮಾಸ್ಟರ್ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. 371 (ಜೆ) ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯದ್ದು. ಅಪ್ಪನಿಗೆ ಈ ಕೆಲಸ ಹಚ್ಚು. ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ಟರ್ ಸಿಗುವುದು ಕಷ್ಟ, ಶಾಲೆ ನಡೆಯುತ್ತಿರುವಾಗಲೇ ಮಾಡಿಸಿಬಿಡಲಿ.